ಎಣಿಸದೆ ಹೇಳಿದ ‘ಬಂತು’

ನಂಬದಿದ್ದರೆ ಬಿಡಿ. ನಾನು ಎಂಥ ಸುಳ್ಳುಗಾರ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ. ಆದರೆ ಇದು ಮಾತ್ರ ದೇವರಾಣೆ ನಡೆದದ್ದು.

ಇಂಟರ್ನೆಟ್ ಇನ್ನೂ ಮನೆಮನೆಗೆ ಬಂದಿರದ ಕಾಲ. ಚಾಮರಾಜಪೇಟೆಯ ಒಂದು ನರ್ಸಿಂಗ್ ಹೋಮ್‌ನಲ್ಲಿ ನಾನು ರಾತ್ರಿ ಪಾಳಿಯ ಆಪರೇಟರ್. ರಕ್ತದ ರಿಪೋರ್ಟ್‌ಗಳು ಮಲ್ಲೇಶ್ವರದ ಲ್ಯಾಬಿನಿಂದ ಫೋನ್ ಲೈನಿನಲ್ಲಿ, ಮೇಜಿನ ಮೇಲಿನ ಮೋಡೆಮ್ ಪೆಟ್ಟಿಗೆಯ ಮೂಲಕ ನನ್ನ ಕಂಪ್ಯೂಟರ್ ಟರ್ಮಿನಲ್‌ಗೆ ಬರುತ್ತಿದ್ದವು. ಒಬ್ಬ ರೋಗಿಗೆ ಒಂದು ಸಾಲು. ಕಳಿಸುತ್ತಿದ್ದವರು ಆ ಲ್ಯಾಬಿನ ವೆಂಕಟೇಶಣ್ಣ, ಮನೆ ಗವಿಪುರದಲ್ಲಿ.

ಮೋಡೆಮ್ ಸುರಿದಷ್ಟು ವೇಗವಾಗಿ ನಮ್ಮ ಹಳೇ ಟರ್ಮಿನಲ್ ಹಿಡಿಯುತ್ತಿರಲಿಲ್ಲ. ಸಣ್ಣ ಬಾಯಿಯ ಕೊಡಕ್ಕೆ ದೊಡ್ಡ ನಲ್ಲಿ ಬಿಟ್ಟ ಹಾಗೆ... ಚೆಲ್ಲಿದ ಸಾಲು ಹೋಯಿತೆಂದೇ ಲೆಕ್ಕ. ಅದಕ್ಕೇ ವೆಂಕಟೇಶಣ್ಣ ಹತ್ತು ಸಾಲು ಕಳಿಸಿ, ನಿಲ್ಲಿಸಿ, ‘ಬಂತಾ?’ ಎಂದು ಟೈಪ್ ಮಾಡುತ್ತಿದ್ದರು. ನಾನು ಎಣಿಸಿ ‘ಬಂತು’ ಎನ್ನಬೇಕು. ಆಮೇಲೇ ಮುಂದಿನ ಹತ್ತು.

ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ, ಎಣಿಸದೆಯೇ ‘ಬಂತು’ ಎಂದುಬಿಟ್ಟೆ. ಬಂದದ್ದು ಒಂಬತ್ತು. ಬಾರದ್ದು ಏಳನೇ ಬೆಡ್ಡಿನ ಹೆಂಗಸಿನದು. ಬೆಳಗಿನ ಜಾವ ಆಕೆ ತೀರಿಕೊಂಡಳು.

“ರಿಪೋರ್ಟ್ ಎಲ್ರೀ?” ಎಂದು ಡಾಕ್ಟರ್ ಕೂಗಾಡಿದರು.

“ಅವ್ರು ಕಳಿಸೇ ಇಲ್ಲ ಸಾರ್.”

ಥೂ, ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ಪರದೆಯ ಮೇಲಿನ ನನ್ನ ‘ಬಂತು’ ಆಗಲೇ ಅಳಿಸಿಹೋಗಿತ್ತು, ಸಾಕ್ಷಿಯೇ ಇರಲಿಲ್ಲ. ವೆಂಕಟೇಶಣ್ಣನ ಕೆಲಸ ಹೋಯಿತು. ನನ್ನನ್ನು ಯಾರೂ ಒಂದು ಮಾತೂ ಕೇಳಲಿಲ್ಲ.

ತಿಂಗಳು ಕಳೆದಿತ್ತು. ಮೋಡೆಮ್ ಕೆಟ್ಟು ರಿಪೇರಿಗೆ ಹೋಗಿತ್ತು. ಮೇಜಿನ ಮೇಲೆ ಅದರ ಜಾಗ ಖಾಲಿ. ಕಾರಿಡಾರಿನಲ್ಲಿ ಫಿನೈಲ್ ವಾಸನೆ, ಯಾರದೋ ಕೆಮ್ಮು. ಆಗ... ಕಿರ್ರ್... ಮೋಡೆಮ್ ಲೈನ್ ಹಿಡಿಯುವಾಗಿನ ಅದೇ ಕೀರಲು ದನಿ. ಆ ಖಾಲಿ ಜಾಗದಿಂದ!

ಪರದೆಯ ಮೇಲೆ ಒಂದೊಂದೇ ಅಕ್ಷರ... ಒಂದೂ ಚೆಲ್ಲದ ಹಾಗೆ, ನಿಧಾನವಾಗಿ. ಬೆಡ್ ಏಳು. ಆಕೆಯ ಹೆಸರು. ಪೊಟ್ಯಾಸಿಯಂ ವಿಪರೀತ, ಡಾಕ್ಟರಿಗೆ ಕೂಡಲೇ ತಿಳಿಸಿ.

ಆಮೇಲೆ, ‘ಬಂತಾ?’

“ಸಿಸ್ಟರ್... ಇದು ನಿಮ್ಗೂ ಕಾಣ್ತಿದ್ಯಾ?” ಪಿಸುಗುಟ್ಟಿದೆ.

ನರ್ಸ್ ಬಗ್ಗಿ ನೋಡಿದರು. “ಏನ್ರೀ ಕಾಣೋದು? ಆಫ್ ಆಗಿದ್ಯಲ್ಲ ಅದು.”

ಬೆಳಕು ಹರಿಯುತ್ತಲೇ ಗವಿಪುರಕ್ಕೆ ಓಡಿದೆ. ಅವರ ಕಾಲಿಗೆ ಬೀಳಬೇಕು, ಡಾಕ್ಟರಿಗೆ ನಿಜ ಹೇಳಿ ಅವರ ಹೆಸರು ಉಳಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡೆ. ವೆಂಕಟೇಶಣ್ಣನೇ ಬಾಗಿಲು ತೆಗೆದರು. ಮಾಸಿದ ಬನಿಯನ್, ಬೆಳೆದ ಗಡ್ಡ. ನಾನು ಬಾಯಿ ತೆರೆಯುವ ಮೊದಲೇ ಮೆಲ್ಲಗೆ ಕೇಳಿದರು:

“ಬಂತಾ?”



“ಏನಣ್ಣಾ?” ಅಂದೆ. “ಏನ್ ಬರ್ಬೇಕಿತ್ತು?”

ಅವರು ನನ್ನನ್ನೇ ನೋಡಿದರು. ಬಾಗಿಲು ಹಾಕಿಕೊಂಡರು.

ಅವರಿಗೆ ಹೇಗೆ ಗೊತ್ತಾಯಿತೋ, ಇಂದಿಗೂ ತಿಳಿಯದು. ಎರಡನೇ ಸಲವೂ ಯಾಕೆ ಸುಳ್ಳು ಹೇಳಿದೆ ಎಂಬುದು ಮಾತ್ರ ಚೆನ್ನಾಗಿ ಗೊತ್ತು. ಹೇಡಿ ನಾನು. ಈಗಲೂ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ “ಹಾಲು ಬಂತಾ?” ಎಂದು ಕೂಗಿದರೆ, ಎದುರಿಗೇ ಪ್ಯಾಕೆಟ್ ಇದ್ದರೂ ನನಗೆ ಉತ್ತರ ಹೊರಡುವುದಿಲ್ಲ.