ಬಿಳಿ ಹುಬ್ಬಿನ ಹಕ್ಕಿ ಮತ್ತು ಅಮ್ಮನ ಪೊಟ್ಟಣ

ಟೇಪು ಕೀಳುವ ಮೊದಲೇ ನೋವಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಪೊಟ್ಟಣದ ಮೇಲೆ ದಪ್ಪ ಮಾರ್ಕರಿನಲ್ಲಿ ಅಮ್ಮನ ಹೆಸರು, ಉಡುಪಿಯ ವಿಳಾಸ… ಅಕ್ಷರ ನನ್ನದೇ. ಆರು ವರ್ಷದ ಹಿಂದೆ ಕಳಿಸಿದ್ದು. 

ಅದು ಸಿಕ್ಕಿದ್ದು ಕುವೈತಿನ ಖೈತಾನ್ ಬಡಾವಣೆಯ ನಮ್ಮ ಕಟ್ಟಡದಲ್ಲೇ, ಬದಿಮನೆ ಅಂಕಲ್ಲಿನ ಕಪಾಟಿನಲ್ಲಿ. ಅಂಕಲ್ ಕಳೆದ ವಾರ ಹೃದಯಾಘಾತದಿಂದ ಹೋದರು. ಸಾಮಾನು ಕಟ್ಟಿಸಿ ಕಳಿಸಿ ಎಂದು ಊರಿನಿಂದ ಅವರ ಹೆಂಡತಿ ಫೋನು ಮಾಡಿದ್ದರು.

ಶುಐಬಾದ ಕಾರ್ಖಾನೆಯೊಂದರಲ್ಲಿ ಅವರು ಸ್ಟೋರ್ ಕೀಪರ್. ಒಬ್ಬರೇ ಇದ್ದರು, ಹಕ್ಕಿಯ ಹುಚ್ಚು. ಶುಕ್ರವಾರ ಚಹಾಕ್ಕೆ ಬಂದರೆ ಒಂದೇ ಪುರಾಣ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ, ಉಸಿರು ಕಟ್ಟುವಷ್ಟು ಎತ್ತರದಲ್ಲಿ, ಕುರುಚಲು ಪೊದೆಗಳ ನಡುವೆ ಒಂದು ನೊಣಹಿಡುಕ ಹಕ್ಕಿ ಇದೆಯಂತೆ. ಬೂದು ಮೈ, ಅಜ್ಜನ ಹಾಗೆ ಬಿಳಿ ಹುಬ್ಬು.

"ಪೊದೆ ತುದಿಯಲ್ಲಿ ಕೂತಿರ್ತದೆ. ಹಾರಿ ಒಂದು ಹುಳ ಹಿಡಿತದೆ, ವಾಪಸ್ ಬಂದು ಕೂತ್ಕೊಳ್ತದೆ. ಸಾಯುದ್ರೊಳಗೆ ಒಮ್ಮೆ ನೋಡ್ಬೇಕು ಮಾರಾಯ್ತಿ."

"ನೊಣ ಹಿಡಿಲಿಕ್ಕೆ ಅಷ್ಟು ದೂರ ಯಾಕೆ ಅಂಕಲ್, ನಮ್ಮ ಅಡುಗೆಮನೆಗೇ ಕರೆಸಿ" ಎಂದು ನಾನು ನಗುತ್ತಿದ್ದೆ.

ಕುವೈತಿನಲ್ಲಿ ನಮ್ಮವರಿಗೆ ರಜೆ ಎಂದರೆ ಊರು. ಯಾರ ಕೈಯಲ್ಲಿ ಸೂಟ್‌ಕೇಸ್ ಕಂಡರೂ ನಮ್ಮದೊಂದು ಪೊಟ್ಟಣ ತುರುಕುವುದೇ. ಆ ದಿನ ಅಂಕಲ್ ಸೂಟ್‌ಕೇಸ್ ಹಿಡಿದು ಲಿಫ್ಟಿನ ಬಳಿ ನಿಂತಿದ್ದರು. ಎಲ್ಲಿಗೆ ಎಂದು ನಾನು ಕೇಳಲೇ ಇಲ್ಲ. ಅಮ್ಮನ ಮಂಡಿನೋವಿಗೆಂದು ಕಟ್ಟಿಟ್ಟಿದ್ದ ಎಣ್ಣೆ, ಪಟ್ಟಿಯ ಪೊಟ್ಟಣವನ್ನು ಓಡಿಹೋಗಿ ತಂದು ಕೈಗಿಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು… ಲಿಫ್ಟ್ ಬಂತು.

ತಿಂಗಳು ಬಿಟ್ಟು ಬಂದಾಗ "ಕೊಟ್ರಾ ಅಂಕಲ್?" ಎಂದೆ.

"ಹ್ಞಾಂ, ಕೊಟ್ಟೆ. ಅಮ್ಮ ಚಾ ಮಾಡಿ ಕೊಟ್ರು" ಎಂದರು, ನೆಲ ನೋಡುತ್ತ.

ಅಮ್ಮ ಮಾತ್ರ ಫೋನಿನಲ್ಲಿ "ಯಾರೂ ಬರ್ಲಿಲ್ಲ ಮಗಾ" ಎನ್ನುತ್ತಲೇ ಇದ್ದಳು. ನಾನು ರೇಗಿದೆ. ಚಾ ಮಾಡಿ ಕೊಟ್ಟದ್ದೂ ನೆನಪಿಲ್ವಾ ಎಂದೆ. ಅಣ್ಣನಿಗೆ ಹೇಳಿ ಡಾಕ್ಟರಿಗೆ ತೋರಿಸಿದೆ, ಮರೆವಿಗೆಂದು ಮಾತ್ರೆ ಶುರುವಾಯಿತು. ಕೊನೆಗೊಂದು ದಿನ ಅಮ್ಮ ಮೆತ್ತಗೆ, "ಬಂದಿರ್ಬೇಕು. ನಂಗೇ ಈಗ ಏನೂ ನೆನಪು ನಿಲ್ಲುದಿಲ್ಲ" ಎಂದಳು. ಆಮೇಲೆ ನಾಲ್ಕು ತಿಂಗಳೂ ಬದುಕಲಿಲ್ಲ.

ಪೊಟ್ಟಣದಡಿ ಒಂದು ಫೋಟೊ ಇತ್ತು. ಉಣ್ಣೆ ಟೋಪಿ ಹಾಕಿ ಅಂಕಲ್ ಮಗುವಿನಂತೆ ನಗುತ್ತಿದ್ದಾರೆ. ಹಿಂದೆ ಬೋಳು ಬೆಟ್ಟ, ಪೊದೆಯ ತುದಿಯಲ್ಲಿ ಬಿಳಿ ಹುಬ್ಬಿನ ಪುಟ್ಟ ಹಕ್ಕಿ. ಫೋಟೊದ ಬೆನ್ನಿಗೆ ಅವರೇ ಬರೆದ ತಾರೀಖು. ಅಮ್ಮನ ಮನೆಯಲ್ಲಿ ಚಾ ಕುಡಿದೆನೆಂದ ಅದೇ ತಿಂಗಳು! 

ಆ ವರ್ಷ ರಜೆಯೇ ಸಿಗಲಿಲ್ಲವೆಂದು ಅಂಕಲ್ ಹೆಂಡತಿಗೆ ಹೇಳಿದ್ದರಂತೆ; ಆಕೆಯೇ ಫೋನಿನಲ್ಲಿ ಹೇಳಿದ್ದು. ನಾನು ಆಕೆಯ ಬಳಿ ಫೋಟೊದ ಸುದ್ದಿ ಎತ್ತಲಿಲ್ಲ. ಪಾಪ, ಅಂಕಲ್ ಆ ಪೊಟ್ಟಣವನ್ನು ಎಸೆಯಲೂ ಇಲ್ಲ, ನನ್ನ ಮುಂದೆ ತರಲೂ ಇಲ್ಲ. ಅವರ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಈಗ ಪೊಟ್ಟಣ ನನ್ನ ಮೇಜಿನ ಮೇಲಿದೆ, ಮನೆಯಿಡೀ ಅದೇ ವಾಸನೆ. ಅಮ್ಮನಿಗೆ ಮರೆವು ಇರಲೇ ಇಲ್ಲ… ಇದೆಯೆಂದು ಅವಳನ್ನು ಒಪ್ಪಿಸಿದವಳು ನಾನು.