ಎರಡು ಸೀಟುಗಳ ನಡುವಿನ ಪೆಟ್ಟಿಗೆ

ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಚಿತ್ರದುರ್ಗದ ಕಣ್ಣಾಸ್ಪತ್ರೆಯಲ್ಲಿ ತೋರಿಸಿಕೊಂಡು ಹೊಸದುರ್ಗದ ಹತ್ತಿರ ಇರುವ ನಮ್ಮ ತೋಟಕ್ಕೆ ಮರಳುತ್ತಿದ್ದ ದಿನ. ಜೀಪು ಓಡಿಸುತ್ತಿದ್ದವಳು ನನ್ನ ಹೆಂಡತಿ. ನನ್ನ ಬಲಗಣ್ಣಿನ ಒಳಪದರ ಕಿತ್ತುಬಂದು ಆಪರೇಷನ್ ಆಗಿತ್ತು. ತಾವು ಹೇಳುವವರೆಗೆ ಸ್ಟೀರಿಂಗ್ ಮುಟ್ಟಬಾರದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹೀಗಾಗಿ ವರ್ಷಗಟ್ಟಲೆ ನಾನು ಕೂತ ಜಾಗದಲ್ಲಿ ಅವಳು, ಅವಳು ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ನಾನು.

ತಿರುವಿನಾಚೆ ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಅವಳು ಬ್ರೇಕಿನ ಮೇಲೆ ಕಾಲಿಟ್ಟಳು. ಜೀಪು ನಿಧಾನವಾಗಲಿಲ್ಲ.

"ರೀ, ಬ್ರೇಕು ಒಳಕ್ಕೆ ಹೋಗ್ತಿಲ್ಲ! ಏನೋ ಸಿಕ್ಕಾಕ್ಕೊಂಡೈತೆ!"

ನಾನು ಬಗ್ಗಿ ನೋಡಲು ಹೋದೆ. ಬಲಗಣ್ಣಿನ ಮುಂದೆ ಇನ್ನೂ ಬರೀ ಮಂಜು. ಅವಳೂ, ಗೇರ್ ರಾಡೂ, ಪೆಡಲುಗಳೂ ಎಲ್ಲ ಆ ಮಂಜಿನ ಕಡೆಗೇ ಇದ್ದವು. ತಲೆಯನ್ನು ಪೂರ್ತಿ ತಿರುಗಿಸುವಷ್ಟರಲ್ಲಿ ಅವಳು ಸ್ಟೀರಿಂಗ್ ಎಡಕ್ಕೆ ಎಳೆದು, ಜೀಪನ್ನು ರಸ್ತೆಯಿಂದ ಇಳಿಸಿ, ಕಟಾವಾದ ರಾಗಿ ಹೊಲಕ್ಕೆ ನುಗ್ಗಿಸಿದ್ದಳು. ಮಣ್ಣಿನಲ್ಲಿ ಕುಲುಕಾಡಿ ಇಂಜಿನ್ ತಾನಾಗಿಯೇ ನಿಂತಿತು. ಕುರಿಗಳು ಏನೂ ಆಗದ ಹಾಗೆ ದಾಟಿ ಹೋದವು.

ಬ್ರೇಕ್ ಪೆಡಲಿನ ಅಡಿಯಲ್ಲಿ ನಮ್ಮ ನೀರಿನ ಬಾಟಲಿ ಇತ್ತು. ಸೀಟಿನ ಪಕ್ಕದಲ್ಲಿಟ್ಟಿದ್ದು ಉರುಳಿಕೊಂಡು ಹೋಗಿ ಅಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೊರಗೆಳೆದು ಮುಚ್ಚಳ ಬಿಚ್ಚಿ ಅವಳು ಗಟಗಟ ನೀರು ಕುಡಿದಳು. ಆಮೇಲೆ ನನಗೂ ಕೊಟ್ಟಳು.

ನಮ್ಮದು ಹಳೇ ಕಾಲದ ಜೀಪು. ನಾಲ್ಕೂ ಚಕ್ರಕ್ಕೆ ಎಳೆತವಿರುವ, ಕೆಸರಿಗಾಗಲಿ ಕಲ್ಲಿಗಾಗಲಿ ಅಂಜದ ಗಾಡಿ. ಆದರೆ ಒಳಗೆ ಒಂದು ಲೋಟ ಇಡುವುದಕ್ಕೂ ಜಾಗವಿಲ್ಲ. ಎರಡು ಸೀಟುಗಳ ನಡುವೆ ಬರೀ ತಗಡಿನ ಉಬ್ಬು, ಅದರ ಮುಂದೆ ಗೇರ್ ರಾಡುಗಳು, ಅಷ್ಟೇ. ಮೊಬೈಲು, ಕನ್ನಡಕ, ಚೀಟಿ, ಟಾರ್ಚು ಎಲ್ಲವೂ ಕಾಲ ಬುಡದಲ್ಲಿ ಓಡಾಡಿಕೊಂಡಿರುತ್ತಿದ್ದವು. ನಾನು ಓಡಿಸುವಾಗ ಅದು ಯಾವತ್ತೂ ತೊಂದರೆ ಅನ್ನಿಸಿರಲಿಲ್ಲ. ಈಗ ಅವಳು ಓಡಿಸುವಾಗ, ಆ ಜಾಗ ನನ್ನ ಕಣ್ಣಿಗೆ ಬೀಳದಿರುವಾಗ, ಅಲ್ಲಿ ಏನು ಉರುಳುತ್ತಿದೆಯೋ ಎಂಬುದೊಂದೇ ಯೋಚನೆಯಾಯಿತು. ಅವಳು ತೋಟದೊಳಗೆ ತೆಂಗಿನಕಾಯಿ ತುಂಬಿಕೊಂಡು ಓಡಿಸುತ್ತಲೇ ಗಾಡಿ ಕಲಿತವಳು. ಡಾಂಬರು ರಸ್ತೆ, ಲಾರಿಗಳ ಸಾಲು ಅವಳಿಗೆ ಹೊಸದು. ಅವಳು ಹೊರಟಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು.

ಮುಂದಿನ ಸಲ ಕಣ್ಣಾಸ್ಪತ್ರೆಗೆ ಹೋದಾಗ ಅಲ್ಲಿ ನಿಂತಿದ್ದ ಹೊಸ ಕಾರೊಂದರ ಕಿಟಕಿಗೆ ಮುಖ ಒತ್ತಿ ನೋಡಿದೆ. ಎರಡು ಸೀಟುಗಳ ನಡುವೆ ಮುಚ್ಚಳದ ಪೆಟ್ಟಿಗೆ, ಬಾಟಲಿಗೆ ಗುಳಿ, ಮೇಲೆ ಕೈಯೂರಲು ಮೆತ್ತೆ. ಅದಕ್ಕೆ ಕನ್ಸೋಲ್ ಎನ್ನುತ್ತಾರಂತೆ. ನಮ್ಮ ಜೀಪಿಗೂ ಅಂಥದ್ದೊಂದನ್ನು ನಾನೇ ಮಾಡುತ್ತೇನೆಂದು ಅಲ್ಲೇ ತೀರ್ಮಾನಿಸಿದೆ.

"ಕಣ್ಣು ವಾಸಿಯಾಗ್ಲಿ ತಡೀರಿ. ಭಾರ ಎತ್ತಬ್ಯಾಡ, ಧೂಳು ಬ್ಯಾಡ ಅಂದಿಲ್ವಾ ಡಾಕ್ಟ್ರು?" ಎಂದಳು.

"ಹಲಗೆ ಕುಯ್ಯೋದು ಭಾರದ ಕೆಲಸ ಅಲ್ಲ."

"ಧೂಳು?"

ಧೂಳಿಗೆಂದು ಸ್ಕೂಟರ್ ಹೆಲ್ಮೆಟ್ ಹಾಕಿಕೊಂಡು, ಗಾಜು ಇಳಿಸಿ ಕೂತೆ. ಅವಳು ಪಾಠ ಹೇಳುವ ಶಾಲೆಗೆ ಬಸ್ಸಿನಲ್ಲಿ ಹೊರಟ ಮೇಲೆ ಮನೆಯಲ್ಲಿ ನಾನೊಬ್ಬನೇ. ಕಣ್ಣು ಕೆಟ್ಟಾಗಿನಿಂದ ಓದುವಂತಿಲ್ಲ, ಟಿವಿ ನೋಡುವಂತಿಲ್ಲ, ತೋಟದಲ್ಲಿ ದುಡಿಯುವಂತಿಲ್ಲ. ಕೂತಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮಂಜು ಕಡಿಮೆಯಾಯಿತೋ ಇಲ್ಲವೋ ಎಂದು ಗೋಡೆಯ ಕ್ಯಾಲೆಂಡರ್ ನೋಡಿ ಪರೀಕ್ಷಿಸಿಕೊಳ್ಳುವುದೇ ನನ್ನ ಕೆಲಸವಾಗಿತ್ತು. ಪೆಟ್ಟಿಗೆ ಶುರು ಮಾಡಿದ ಮೇಲೆ ಕ್ಯಾಲೆಂಡರಿನ ಕಡೆ ನೋಡುವುದು ತಪ್ಪಿತು.

ಹಳೆಯ ಮಂಚದ ತಲೆಹಲಗೆ ಪ್ಲೈವುಡ್ಡಿನದು, ಅದನ್ನೇ ಕುಯ್ದೆ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯುವುದಿಲ್ಲವೆಂದು ಆಗ ಗೊತ್ತಾಯಿತು. ಮೊಳೆಯ ತಲೆಗೆ ಹೊಡೆದ ಏಟು ಬೆರಳಿಗೆ ಬೀಳುತ್ತಿತ್ತು. ಕಣ್ಣನ್ನು ನಂಬುವುದು ಬಿಟ್ಟು ಬೆರಳಿನಿಂದ ತಡವಿ ತಡವಿ ಅಳತೆ ಹಿಡಿದೆ. ಬಾಟಲಿಗಳಿಗೆಂದು ತೋಟದಲ್ಲಿ ಉಳಿದಿದ್ದ ದಪ್ಪ ಪೈಪಿನ ಎರಡು ತುಂಡು ಕೂರಿಸಿದೆ. ಕಿಟಕಿಯಿಂದ ಕಳಚಿದ ಕೀಲು ಮುಚ್ಚಳಕ್ಕಾಯಿತು. ಮೇಲೆ ಹಳೇ ದಿಂಬಿನ ಸ್ಪಂಜು, ಅದರ ಮೇಲೆ ಸೋಫಾದ ಹರಕು ರೆಕ್ಸಿನ್. ಅಂಗಡಿಯಿಂದ ತಂದದ್ದು ಸ್ಕ್ರೂ ಮತ್ತು ಅಂಟು ಮಾತ್ರ.

ಕೂರಿಸುವುದು ಹೇಗೆ ಎನ್ನುವಲ್ಲಿ ನನಗೆ ಹೆದರಿಕೆ ಹತ್ತಿತು. ಜೀಪಿನ ತಳದ ತಗಡಿಗೆ ತೂತು ಕೊರೆದು ಬೋಲ್ಟ್ ಹಾಕುವುದೇ ಸರಿಯಾದ ದಾರಿ. ಆದರೆ ಆ ತಗಡಿನ ಕೆಳಗೆ ಬ್ರೇಕಿನ ಎಣ್ಣೆ ಪೈಪು ಹಾದುಹೋಗುತ್ತದೆ, ವೈರುಗಳಿವೆ. ಡ್ರಿಲ್ಲಿನ ಮೊನೆ ಒಂದಿಷ್ಟು ಆಳಕ್ಕೆ ಇಳಿದರೂ ಗಂಡಾಂತರ. ಎರಡು ಕಣ್ಣಿದ್ದಾಗಲೇ ಯೋಚಿಸಬೇಕಾದ ಕೆಲಸ. ಹೀಗಾಗಿ ತೂತು ಕೊರೆಯದೆ, ಪೆಟ್ಟಿಗೆಯನ್ನು ನೈಲಾನ್ ಪಟ್ಟಿಗಳಿಂದ ಎರಡೂ ಸೀಟಿನ ಕಾಲುಗಳಿಗೆ ಬಿಗಿದು ಕಟ್ಟಿದೆ. ನಿಂತ ಗಾಡಿಯಲ್ಲೇ ಕೂತು ಎಲ್ಲ ಗೇರೂ ಹಾಕಿ ನೋಡಿದೆ. ಎರಡನೇ ಗೇರಿಗೆ ರಾಡನ್ನು ಹಿಂದಕ್ಕೆ ಎಳೆದಾಗಲೂ ರಾಡಿಗೂ ಪೆಟ್ಟಿಗೆಗೂ ನಡುವೆ ಎರಡು ಬೆರಳು ಜಾಗ ಉಳಿಯುತ್ತಿತ್ತು.

ಸಂಜೆ ಅವಳು ಬಂದು ನೋಡಿ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದಳು. "ಚೆನ್ನಾಗೈತ್ರೀ," ಎಂದು ನನ್ನ ಕಣ್ಣಿನ ಹನಿ ಔಷಧಿಯ ಸೀಸೆಯನ್ನು ತಂದು ಒಳಗಿಟ್ಟಳು.

ಎಂಟು ಹತ್ತು ದಿನ ಪೇಟೆಗೆ ಇಬ್ಬರೂ ಓಡಾಡಿದೆವು, ಶಾಲೆಗೂ ಅವಳೊಬ್ಬಳೇ ಬಸ್ಸು ಬಿಟ್ಟು ಜೀಪಿನಲ್ಲಿ ಹೋಗಿಬಂದಳು. ಆಮೇಲೆ ಒಂದು ಭಾನುವಾರ ಮಾರಿಕಣಿವೆಗೆ ಹೊರಟೆವು. ಅವಳ ಅಕ್ಕನ ಮನೆ ಅಲ್ಲಿದೆ. ಗುಡ್ಡದ ಸಾಲಿನಲ್ಲಿ ಹಾದುಹೋಗುವ ಅಡ್ಡದಾರಿ ಹಿಡಿದಿದ್ದೆವು. ಹತ್ತುವಾಗ ಜೀಪು ಸಲೀಸಾಗಿ ಹತ್ತಿತು. ಮೇಲಿನಿಂದ ಇಳಿಜಾರು ಶುರುವಾದಾಗ ಅವಳು ಎರಡನೇ ಗೇರಿಗೆ ಹಾಕಿ, ಇಂಜಿನ್ನಿನ ಹಿಡಿತದಲ್ಲೇ ಇಳಿಸತೊಡಗಿದಳು. ನಡುನಡುವೆ ಬ್ರೇಕ್ ಒತ್ತುತ್ತಿದ್ದಳು. ಪ್ರತಿ ಸಲ ಒತ್ತಿದಾಗಲೂ ನನ್ನ ಮೊಣಕೈಯ ಕೆಳಗೆ ಪೆಟ್ಟಿಗೆ ಕೊಂಚ ಅಲುಗಿದ ಹಾಗಾಗುತ್ತಿತ್ತು. ರಸ್ತೆ ಹಾಳಾಗಿದೆ, ಅದಕ್ಕೇ ಇರಬೇಕು ಅಂದುಕೊಂಡೆ.

ಒಂದು ತಿರುವಿನಲ್ಲಿ ಅವಳು ಜೋರಾಗಿ ಬ್ರೇಕ್ ಹಾಕಿದಳು. ಟಕ್ ಎಂದಿತು. ಇಂಜಿನ್ನಿನ ಮೊರೆತ ಒಮ್ಮೆಲೇ ಇಳಿದುಹೋಯಿತು, ಜೀಪು ಮಾತ್ರ ಹಗುರಾಗಿ ಜಾರತೊಡಗಿತು.

"ಗೇರು ಬಿತ್ತು! ನೂಟ್ರಲ್ಲಿಗೆ ಬಂತು!" ಎಂದು ಕೂಗಿದಳು.

ಅವಳು ರಾಡನ್ನು ಹಿಂದಕ್ಕೆ ಎಳೆಯುತ್ತಿದ್ದಳು. ಅದು ಬರುತ್ತಿರಲಿಲ್ಲ. ತಲೆ ತಿರುಗಿಸಿ ನೋಡಿದೆ. ಪಟ್ಟಿಗಳು ಸಡಿಲಾಗಿ ಪೆಟ್ಟಿಗೆ ಮುಂದಕ್ಕೆ ಜರುಗಿ, ರಾಡಿಗೆ ಅಡ್ಡ ಬಿದ್ದಿತ್ತು. ಗೇರನ್ನು ತಳ್ಳಿ ಬೀಳಿಸಿದ್ದೂ ಅದೇ, ಈಗ ಒಳಗೆ ಬಿಡದಿದ್ದದ್ದೂ ಅದೇ. ನಾನು ಮಾಡಿದ ಪೆಟ್ಟಿಗೆ.

ಬ್ರೇಕೊಂದೇ ಆಧಾರ. ಅವಳು ಬಿಟ್ಟು ಬಿಟ್ಟು ತುಳಿಯುತ್ತಿದ್ದಳು; ಬ್ರೇಕು ಕಾದ ವಾಸನೆ ಒಳಗೆಲ್ಲ ತುಂಬಿತು. ನಾನು ಬಗ್ಗಿ, ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ಅಪ್ಪಿ ಹಿಂದಕ್ಕೆ ಎಳೆದೆ. ಬಗ್ಗಬಾರದು, ಬಲ ಹಾಕಬಾರದು ಎಂದು ಡಾಕ್ಟರು ಹೇಳಿದ್ದು ಆ ಕ್ಷಣದಲ್ಲೂ ಕಿವಿಯಲ್ಲಿತ್ತು. ಪಟ್ಟಿಗೆ ಸಿಕ್ಕಿಕೊಂಡಿದ್ದ ಪೆಟ್ಟಿಗೆ ಮೊದಲು ಮಿಸುಕಲಿಲ್ಲ. ಕಾಲನ್ನು ಮುಂದಿನ ತಗಡಿಗೆ ಒತ್ತಿ ಎಳೆದಾಗ ಬಂತು.

"ಹಾಕು! ಈಗ ಹಾಕು!"

ಕ್ಲಚ್ ಒತ್ತಿ, ಇಂಜಿನ್ ಒಮ್ಮೆ ಗುರ್ರೆನಿಸಿ, ಅವಳು ರಾಡ್ ಎಳೆದಳು. ಹಲ್ಲು ಕಡಿದ ಸದ್ದು ಬಂದು ಗೇರು ಕೂತಿತು. ಜೀಪು ಮುಗ್ಗರಿಸಿದ ಹಾಗೆ ನಿಧಾನವಾಯಿತು. ಇಳಿಜಾರು ಮುಗಿಯುವವರೆಗೂ ನಾನು ಪೆಟ್ಟಿಗೆಯನ್ನು ಅಪ್ಪಿಕೊಂಡೇ ಕೂತಿದ್ದೆ.

ಕೆಳಗೆ ಒಂದು ಹುಣಸೆಮರದ ಹತ್ತಿರ ನಿಲ್ಲಿಸಿದಳು. ನಾನು ಇಳಿದು ಮೊದಲು ಮಾಡಿದ ಕೆಲಸ ಎಡಗಣ್ಣನ್ನು ಕೈಯಿಂದ ಮುಚ್ಚಿ ದೂರದ ಗುಡ್ಡವನ್ನು ನೋಡಿದ್ದು. ಮಂಜು ಮೊದಲಿದ್ದಷ್ಟೇ ಇತ್ತು. ಒಳಪದರ ಮತ್ತೆ ಕಿತ್ತರೆ ಕಣ್ಣಿಗೆ ಅಡ್ಡ ಇಳಿಯುತ್ತದೆಂದು ಡಾಕ್ಟರು ಹೇಳಿದ್ದ ಕಪ್ಪು ಪರದೆ ಇಳಿದಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಕಾಣ್ತೈತಾ?"

"ಕಾಣ್ತೈತೆ. ಮೊದ್ಲಿನಂಗೇ."

ಅವಳು ಮರದ ಬೇರಿನ ಮೇಲೆ ಕೂತು ಸೆರಗಿನಿಂದ ಮುಖ ಒತ್ತಿಕೊಂಡಳು. ನಾನು ಪಟ್ಟಿ ಕತ್ತರಿಸಿ ಪೆಟ್ಟಿಗೆಯನ್ನು ಕಿತ್ತು ಹಿಂದಕ್ಕೆ ಎಸೆಯಲು ಹೋದಾಗ ತಡೆದಳು.

"ಸುಮ್ನಿರ್ರಿ. ನಂಗೆ ಮೂರು ದಿನದಿಂದ ಗೊತ್ತಿತ್ತು, ಅದು ರಾಡಿಗೆ ತಾಗ್ತೈತೆ ಅಂತ. ಶಾಲಿಗೆ ಹೋಗಾಗ ಟಕ್ ಟಕ್ ಅಂತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ಆಪರೇಷನ್ ಆದಾಗಿಂದ ಗೋಡೆ ನೋಡ್ಕಂಡು ಕೂತಿದ್ರಿ. ಇದು ಮಾಡಾಕೆ ಶುರು ಮಾಡಿದ್ ಮ್ಯಾಲೆ ನಾಕು ಮಾತಾಡಿದ್ರಿ, ಹೊಟ್ಟೆ ತುಂಬ ಉಂಡ್ರಿ. ತಾಗ್ತೈತೆ ಅಂದ್ರೆ ಮತ್ತೆ ಮೂಲೆ ಸೇರ್ತೀರಿ ಅಂತ ಹೆದ್ರಿಕಿ ಆತು. ಹೇಳ್ಬೇಕಿತ್ತು."

ನನಗೆ ಸಿಟ್ಟು ಬಂತು. ಆದರೂ ಅವಳ ಪಕ್ಕದಲ್ಲಿ ಕೂತೆ. ಇಷ್ಟು ದಿನ ಭಯಪಡುತ್ತಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆ. ಅವಳು ಲಾರಿಗಳಿಗೂ ಹೆದರಿ, ನನ್ನ ಮೌನಕ್ಕೂ ಹೆದರಿ ಗಾಡಿ ಓಡಿಸುತ್ತಿದ್ದಳು. ಅಕ್ಕನ ಮನೆಗೆ ಫೋನ್ ಮಾಡಿ ಗಾಡಿ ಸರಿಯಿಲ್ಲವೆಂದು ಹೇಳಿ, ದೂರವಾದರೂ ಸರಿ ಎಂದು ಸುತ್ತಿನ ದಾರಿಯಲ್ಲಿ ಮನೆಗೆ ಬಂದೆವು.

ಮರುದಿನ ಹೊಸದುರ್ಗದ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಲ್ಲಿನ ಸಾಹೇಬರು ನಮ್ಮ ಜೀಪಿನ ಗೇಟು, ಬಂಪರು ಎಲ್ಲ ಬೆಸೆದುಕೊಟ್ಟ ಹಳೇ ಪರಿಚಯದವರು. ಪೆಟ್ಟಿಗೆ ನೋಡಿ, "ಒಳ್ಳೇದ್ ಮಾಡೀರಿ, ಆದ್ರೆ ಕಟ್ಟಿದ್ರೆ ನಿಲ್ಲಾಕಿಲ್ಲ ಬಿಡ್ರಿ, ಬೋಲ್ಟೇ ಬೇಕು," ಎಂದು ನಾಲ್ಕು ಕಬ್ಬಿಣದ ಮೂಲೆಪಟ್ಟಿ ಮಾಡಿಕೊಟ್ಟರು. ತೂತು ಮಾತ್ರ ಆಗ ಕೊರೆಯಲಾಗಲಿಲ್ಲ. ಭರಮಸಾಗರದಲ್ಲಿ ಮನೆಮಂದಿಯ ಮದುವೆ, ಅಂಗಡಿ ಮುಚ್ಚುವ ಗಡಿಬಿಡಿಯಲ್ಲಿದ್ದರು. "ಮುಂದಿನ ವಾರ ಬರ್ರಿ, ಹಾಕ್ಕೊಡ್ತೀನಿ," ಎಂದರು.

ದಾರಿಯಲ್ಲಿ ಹೆಂಡತಿ, "ನಾವೇ ಕೊರೆಯಾಣ," ಎಂದಳು.

"ಕೆಳಗೆ ಬ್ರೇಕಿನ ಪೈಪೈತೆ. ನಂಗೆ ಆಳ ತಿಳಿಯಲ್ಲ."

"ನಾನು ಕೆಳಗೆ ಮಲಗಿ ನೋಡ್ತೀನಿ. ಮೊನೆ ಕಂಡ ಕೂಡ್ಲೆ ಕೂಗ್ತೀನಿ, ನಿಲ್ಸಿ."

ಬೇಡವೆಂದೆ. ಕೆಳಗೆ ನಾನು ಮಲಗುತ್ತೇನೆ ಎಂದೆ. ತುಕ್ಕು, ಲೋಹದ ಪುಡಿ ಕಣ್ಣಿಗೆ ಬಿದ್ದರೆ ಎಂದು ಅವಳು ಒಪ್ಪಲಿಲ್ಲ. ಕೊನೆಗೆ ಅವಳು ಹೇಳಿದ ಹಾಗೆಯೇ ಆಯಿತು. ಜೀಪಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿ ತಂತಿ ಕಳಚಿದೆವು. ಅವಳು ನೈಟಿಯ ಮೇಲೆ ನನ್ನ ಹಳೇ ಅಂಗಿ ತೊಟ್ಟು, ಹೆಲ್ಮೆಟ್ ಹಾಕಿ, ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿದಳು. ಮೊದಲು ಸುತ್ತಿಗೆಯಿಂದ ನಾನು ಮೇಲೆ ಮೆಲ್ಲಗೆ ತಟ್ಟುವುದು, ಅವಳು ಕೆಳಗಿನಿಂದ ಸದ್ದು ಹಿಡಿದು ಜಾಗ ಹೇಳುವುದು. "ಅಲ್ಲಿ ಬ್ಯಾಡ, ಪೈಪೈತೆ. ನಿಮ್ ಕಡೆ ಸರೀರಿ. ಇನ್ನೊಂಚೂರು. ಹಾಂ, ಇಲ್ಲಿ ಬರೀ ತಗಡು."

ಡ್ರಿಲ್ಲಿನ ಮೊನೆಯ ಮೇಲೆ ಪೈಪಿನ ತುಂಡೊಂದನ್ನು ತೊಡಿಸಿದ್ದೆ. ತುದಿ ಒಂದಿಷ್ಟೇ ಹೊರಗೆ. ಅದಕ್ಕಿಂತ ಆಳ ಇಳಿಯಲಾರದೆಂದು ಗೊತ್ತಿದ್ದರೂ ಎರಡು ಸಲ ಮುಟ್ಟಿ ನೋಡಿಕೊಂಡೇ ಗುಂಡಿ ಒತ್ತಿದೆ. ಮೊನೆ ತಗಡಿನ ಮೇಲೆ ಕುಣಿಯಿತು, ಕಿರುಚಿತು. ಅದರ ಕೆಳಗೆ ಅವಳ ಮುಖವಿತ್ತು. ನಾನು ಒತ್ತುತ್ತಿದ್ದೇನೋ, ಎತ್ತುತ್ತಿದ್ದೇನೋ ನನಗೇ ತಿಳಿಯುತ್ತಿರಲಿಲ್ಲ.

"ಸಾಕು! ಸಾಕು ಸಾಕು!"

ಕೈ ಬಿಟ್ಟೆ. ಸದ್ದು ನಿಂತಿತು. ಕೆಳಗಿನಿಂದ ಸದ್ದೇ ಇಲ್ಲ.

"ಏ, ಏನಾತೆ? ಮಾತಾಡು!"

"ಏನೂ ಆಗಿಲ್ಲ ಕಣ್ರಿ. ಪುಡಿ ಒರಸ್ಕಂತಿದ್ದೆ. ಬೆಳಕು ಕಾಣ್ತೈತೆ ತೂತಿನಾಗೆ. ಇನ್ನು ಮೂರು."

ಉಳಿದ ಮೂರಕ್ಕೂ ಅಷ್ಟೇ ಹೆದರಿದೆ. ಅವಳು ಕೆಳಗಿನಿಂದ ನಟ್ಟು ಹಿಡಿದಳು, ನಾನು ಮೇಲಿನಿಂದ ತಿರುಗಿಸಿದೆ. ಪೆಟ್ಟಿಗೆಯನ್ನು ಮೊದಲಿಗಿಂತ ಮೂರು ಬೆರಳಷ್ಟು ಹಿಂದಕ್ಕೇ ಕೂರಿಸಿದ್ದೆವು, ಮುಂದಿನ ಮೂಲೆಗಳನ್ನು ಮೊದಲೇ ಓರೆಯಾಗಿ ಕುಯ್ದಿದ್ದೆ. ನಾನು ಕಾಲಿನಿಂದ ಒದ್ದು ನೋಡಿದೆ. ಅವಳೂ ಒದ್ದಳು, ನನಗಿಂತ ಜೋರಾಗಿ.

ಪರೀಕ್ಷೆಗೆ ತೋಟದ ಹಿಂದಿನ ದಿಣ್ಣೆಯ ಇಳಿಜಾರಿಗೆ ಹೋದೆವು. ಅವಳು ಬೇಕೆಂದೇ ಜೋರಾಗಿ ಬ್ರೇಕ್ ಹಾಕುತ್ತಾ ಇಳಿಸಿದಳು; ನಾನು ರಾಡಿಗೂ ಪೆಟ್ಟಿಗೆಗೂ ನಡುವೆ ಬೆರಳಿಟ್ಟು ಕೂತಿದ್ದೆ. ಬೆರಳಿಗೆ ಏನೂ ತಾಗಲಿಲ್ಲ. ಮತ್ತೊಮ್ಮೆ ಹತ್ತಿ ಇಳಿಸು ಎಂದೆ. ಇಳಿಸಿದಳು. ಮತ್ತೊಮ್ಮೆ ಎಂದಾಗ, "ಡೀಸಲ್ ಏನು ಪುಕ್ಕಟೆ ಬರ್ತೈತಾ?" ಎಂದು ನಕ್ಕಳು. ಆ ವಾರದಲ್ಲಿ ಅವಳು ನಕ್ಕದ್ದು ಅದೇ ಮೊದಲು.

ಕಣ್ಣು ಪೂರ್ತಿ ಮೊದಲಿನಂತಾಗಲಿಲ್ಲ. ಮಂಜು ಅರ್ಧ ಸರಿದು ಅಲ್ಲೇ ನಿಂತಿತು. ಹೆದ್ದಾರಿಯಲ್ಲಿ ಓಡಿಸುವುದು ಬೇಡ, ತೋಟದೊಳಗೆ ಬೇಕಾದರೆ ಓಡಿಸಿ ಎಂದರು ಡಾಕ್ಟರು. ಅದನ್ನು ಕೇಳಿ ಹೊರಬಂದ ದಿನ ನಾನು ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತೆ. ಅವಳು ಕೀಲಿ ತಿರುಗಿಸುವ ಮೊದಲು, "ಮಾರಿಕಣಿವೆಗೆ ಹೋಗಾಣ ಈ ಭಾನುವಾರ. ಅಕ್ಕ ಕಾಯ್ತಾಳೆ," ಎಂದಳು.

"ಅದೇ ದಾರಿಯಾಗಾ?"

"ಅದೇ ದಾರಿಯಾಗೆ."

ಹೋದೆವು. ಗುಡ್ಡದ ನೆತ್ತಿಯಲ್ಲಿ ಅವಳು ಗಾಡಿ ನಿಲ್ಲಿಸಿ, ಉಸಿರೆಳೆದುಕೊಂಡು ಎರಡನೇ ಗೇರಿಗೆ ಹಾಕಿದಳು. ನಾನು ಸೀಟಿನ ಅಂಚು ಹಿಡಿದೆ. ಆ ತಿರುವು ಬಂತು. ಬ್ರೇಕ್ ಒತ್ತಿದಳು, ಇಂಜಿನ್ ಗೊಣಗಿತು, ಗೇರು ಗೇರಿನಲ್ಲೇ ಇತ್ತು. ಕೆಳಗೆ ಇಳಿದ ಮೇಲೂ ನನ್ನ ಕೈ ಸೀಟಿನ ಅಂಚು ಬಿಟ್ಟಿರಲಿಲ್ಲ. ಎದುರಿಗೆ ಗುಡ್ಡಗಳ ನಡುವೆ ಅಣೆಕಟ್ಟಿನ ನೀರು ಕಾಣಿಸಿತು. ಊರು ಮುಟ್ಟಿದಾಗ ಅಕ್ಕನ ಮನೆಯವರು ಬಾಗಿಲಿಗೆ ಬಂದು, "ಯಾಕೆ ಇಷ್ಟೊತ್ತು? ಬರ್ರಿ ಒಳಗೆ, ಊಟ ಆರ್ತೈತೆ," ಎಂದು ಕರೆದರು.