ಪಿಂಡಕಾಸ್ ಊಟ ಮಾಡಲಿಲ್ಲ

2024ರ ಜುಲೈ ತಿಂಗಳಲ್ಲಿ ನಾನು ನೆದರ್ಲೆಂಡ್ಸ್‌ನ ನೈಮೆಗನ್‌ನಲ್ಲಿ ಒಪ್ಪಾಸ್ ಆಗಿ ಕೆಲಸ ಮಾಡುತ್ತಿದ್ದೆ. ರಜೆಗೆ ಊರು ಬಿಟ್ಟು ಹೋಗುವವರ ಸಾಕುಪ್ರಾಣಿಗಳನ್ನು ನೋಡಿಕೊಳ್ಳುವವರಿಗೆ ಡಚ್ ಜನ ಹೇಳುವ ಹೆಸರು ಅದು. ಬೀದರಿನಲ್ಲಿ ಪಶುವೈದ್ಯಕೀಯ ಓದಿ, ವಿಜಯಪುರ ಜಿಲ್ಲೆಯಲ್ಲಿ ಎಂಟು ವರ್ಷ ಎಮ್ಮೆ, ಆಡು, ಎತ್ತುಗಳ ನಡುವೆ ಕಳೆದವಳು ನಾನು. ಗಂಡನ ನೌಕರಿಯಿಂದಾಗಿ ಇಲ್ಲಿಗೆ ಬಂದ ಮೇಲೆ, ನನ್ನ ಪದವಿಗೆ ಇಲ್ಲಿನ ಮಾನ್ಯತೆ ಸಿಗುವವರೆಗೆ ಕೈಕಟ್ಟಿ ಕೂರುವುದು ನನ್ನಿಂದಾಗಲಿಲ್ಲ. ನಾಯಿ, ಬೆಕ್ಕು ನೋಡಿಕೊಳ್ಳುವವರು ಬೀದಿಗೆ ಇಬ್ಬರಿದ್ದರು. ಹಾವು ಎಂದ ಕೂಡಲೇ ಇಬ್ಬರೂ ಫೋನ್ ಇಡುತ್ತಿದ್ದರು. ಹೀಗಾಗಿ ಊರಿನ ಹಾವುಗಳೆಲ್ಲ ನನ್ನ ಪಾಲಿಗೆ ಬಂದವು. ಸುದ್ದಿ ಕೇಳಿ ವಿಜಯಪುರದಲ್ಲಿ ನನ್ನ ತಮ್ಮ ಒಂದು ವಾರ ನಕ್ಕನಂತೆ.

ಆ ಬೇಸಿಗೆ ನನ್ನನ್ನು ಕರೆದವರು ಮೈಸೂರಿನ ಶ್ರೀಧರ್. ಇಲ್ಲಿನ ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರ್. ಅವರ ತಂಗಿಯ ಮದುವೆ ಆಗಸ್ಟ್‌ನಲ್ಲಿ ಮೈಸೂರಲ್ಲಿತ್ತು. ಮನೆಮಂದಿಯೆಲ್ಲ ಐದು ವಾರ ಹೋಗುವವರಿದ್ದರು. ಹಾವುಗಳು ಅವರ ಮಗಳು ಅನನ್ಯಾಳವು. ಹನ್ನೆರಡು ವರ್ಷದ ಹುಡುಗಿ, ಕನ್ನಡದಲ್ಲಿ ಕೇಳಿದರೆ ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಡಚ್ಚಿನಲ್ಲಿ, ಮನಸ್ಸು ಬಂದರೆ ಕನ್ನಡದಲ್ಲೇ ಉತ್ತರ ಕೊಡುವವಳು. ಒಂದು ಕಾರ್ನ್ ಸ್ನೇಕ್. ಸದಾ ಸುತ್ತಿಕೊಂಡು ಮಲಗುವ ಅದಕ್ಕೆ ಶ್ರೀಧರ್ ಚಕ್ಲಿ ಎಂದು ಹೆಸರಿಟ್ಟಿದ್ದರು. ಇನ್ನೊಂದು ಬಾಲ್ ಪೈಥಾನ್ ಎಂಬ ಸಣ್ಣ ಜಾತಿಯ ಹೆಬ್ಬಾವಿನ ಮರಿ. ಇಲ್ಲಿನ ಮಕ್ಕಳು ಬ್ರೆಡ್ಡಿಗೆ ಹಚ್ಚಿಕೊಳ್ಳುವ ಕಡಲೆಕಾಯಿ ಬೆಣ್ಣೆಯ ಬಣ್ಣ ಅದಕ್ಕೆ, ಹೆಸರೂ ಅದೇ: ಪಿಂಡಕಾಸ್. ಎರಡಕ್ಕೂ ವಿಷವಿಲ್ಲ. ಇವುಗಳ ಆಹಾರವಾದ ಮಂಜುಗಟ್ಟಿದ ಇಲಿಗಳಿಗೆ ಅನನ್ಯಾಳ ತಾಯಿ ವೀಣಾ ಅಡುಗೆಮನೆಯ ಫ್ರಿಜ್ಜಿನಲ್ಲಿ ಜಾಗ ಕೊಟ್ಟಿರಲಿಲ್ಲ. ಅವಕ್ಕೆಂದೇ ಹಿತ್ತಲಿನ ಶೆಡ್ಡಿನಲ್ಲಿ ಪುಟ್ಟ ಫ್ರೀಜರ್ ಇತ್ತು. ತುಳಸಿ ಕುಂಡದ ಎದುರಿಗೇ ಆ ಶೆಡ್ಡಿನ ಬಾಗಿಲು.

ಚಕ್ಲಿಯ ಚಿಂತೆ ಯಾರಿಗೂ ಇರಲಿಲ್ಲ, ಅದು ಕೊಟ್ಟದ್ದನ್ನೆಲ್ಲ ನುಂಗುತ್ತಿತ್ತು. ಪಿಂಡಕಾಸ್‌ಗೆ ಮಾತ್ರ ಆ ವಸಂತದಲ್ಲಿ ಶ್ವಾಸಕೋಶದ ಸೋಂಕಾಗಿ, ಬದುಕಿದ್ದೇ ಹೆಚ್ಚು ಎನ್ನುವಂತಾಗಿತ್ತು. ಹೊರಡುವ ದಿನ ಅದರ ತೂಕ 312 ಗ್ರಾಂ. ಪ್ರತಿ ಶನಿವಾರ ಒಂದು ಇಲಿ ಕೊಡಬೇಕು, 280ಕ್ಕಿಂತ ಕೆಳಗಿಳಿದರೆ ಟ್ಯೂಬ್ ಫೀಡಿಂಗ್ ಮಾಡಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದರು. ಅಂದರೆ ಹಾವಿನ ಬಾಯಿ ಬಿಡಿಸಿ, ಸಣ್ಣ ನಳಿಕೆಯಿಂದ ದ್ರವಾಹಾರವನ್ನು ಹೊಟ್ಟೆಗೆ ಇಳಿಸುವುದು. ಸೊರಗಿದ ಮರಿಗೆ ಆ ಗಾಬರಿಯೇ ಸಾಕು, ಇನ್ನಷ್ಟು ಕುಸಿಯಲು. ಅನನ್ಯಾ ಎರಡು ಪುಟದ ಪಟ್ಟಿಯನ್ನು ನನ್ನ ಕೈಗಿತ್ತಳು. ಇಲಿ ಕರಗಿಸುವ ಬಗೆ, ಹೇರ್ ಡ್ರೈಯರ್‌ನಿಂದ ಅದನ್ನು ಬೆಚ್ಚಗೆ ಮಾಡುವುದು, ಟೆರೇರಿಯಂ ಎಂಬ ಗಾಜಿನ ಗೂಡಿನ ಬಿಸಿ, ತೇವ, ಎಲ್ಲವೂ ಅದರಲ್ಲಿತ್ತು. ಎಮ್ಮೆಯ ಹೊಟ್ಟೆಯಿಂದ ಅಡ್ಡ ತಿರುಗಿದ ಕರುವನ್ನು ಎಳೆದ ಕೈ ಇದು, ಇಷ್ಟುದ್ದದ ಮರಿಗೆ ಎರಡು ಪುಟವೇ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಮೊದಲ ಶನಿವಾರ ಸಂಜೆ ಐದಕ್ಕೆ ಇಕ್ಕಳದಲ್ಲಿ ಇಲಿ ಹಿಡಿದು ತೋರಿಸಿದೆ. ಪಿಂಡಕಾಸ್ ಗೂಡಿನೊಳಗಿನ ತೊಗಟೆಯ ಮರೆಯಿಂದ ತಲೆ ಹೊರಹಾಕಿ ನನ್ನನ್ನೇ ನೋಡಿತು, ಮತ್ತೆ ಒಳಗೆ ಹೋಯಿತು. ಒಂದು ಗಂಟೆ ಬಿಟ್ಟು ನೋಡಿದರೂ ಇಲಿ ಇಟ್ಟಲ್ಲೇ ಇತ್ತು. ಅಷ್ಟರಲ್ಲಿ ಮೈಸೂರಿಂದ ಫೋನ್.

"ಶಾಹೀನ್ ಆಂಟಿ, ಪಿಂಡಕಾಸ್ ತಿಂದ್ಲಾ?"

"ಹೂಂ ಪುಟ್ಟಿ, ಊಟ ಆಯ್ತು. ನೀ ಆರಾಮಾಗಿರು."

ಯೋಚಿಸಿ ಆಡಿದ ಸುಳ್ಳಲ್ಲ ಅದು, ಬಾಯಿಗೆ ತಾನಾಗಿ ಬಂತು. ಪರಸ್ಥಳದಲ್ಲಿ ಇರುವವರಿಗೆ ಮನೆಯ ಕೆಟ್ಟ ಸುದ್ದಿ ಮುಟ್ಟಿಸಬಾರದು ಎಂಬುದು ನಮ್ಮವರ ರೂಢಿ. ನನ್ನ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆದದ್ದು, ಹೊಲಿಗೆ ಬಿಚ್ಚಿದ ಮೇಲೆ ನನಗೆ ತಿಳಿಯಿತು. ಅಂದು ಮನೆಯವರ ಮೇಲೆ ಹರಿಹಾಯ್ದು ಎರಡು ದಿನ ಮಾತು ಬಿಟ್ಟಿದ್ದೆ. ಈಗ ನಾನೇ ಅದನ್ನು ಮಾಡಿದ್ದೆ, ಅದೂ ಒಳ್ಳೆಯದು ಮಾಡಿದೆ ಎಂಬ ಸಮಾಧಾನದಿಂದ.

ಎರಡನೇ ಶನಿವಾರವೂ ಇಲಿ ಹಾಗೇ ಉಳಿಯಿತು. ತೂಕ 303. ಅನನ್ಯಾ ಕೇಳಿದಳು, ನಾನು ಮತ್ತೆ ಹೂಂ ಎಂದೆ. ಶ್ರೀಧರ್ ಅವರಿಗೆ ಮಾತ್ರ ಬೇರೆಯಾಗಿ ಫೋನ್ ಮಾಡಿ ನಿಜ ಹೇಳಿದೆ.

"ಅವಳಿಗೆ ಮಾತ್ರ ಹೇಳ್ಬೇಡಿ ಮೇಡಂ," ಎಂದರು. "ಮದುವೆ ಮನೆ, ಅವಳು ಅಳ್ತಾ ಕೂತ್ರೆ ನಮ್ಮಮ್ಮ ಹಾವಿನ ವಿಷಯ ತೆಗ್ದು ಎಲ್ರಿಗೂ ಕ್ಲಾಸ್ ತಗೋತಾರೆ. ಮದುವೆ ಆಗ್ಲಿ, ಆಮೇಲೆ ನೋಡೋಣ."

ಹೀಗೆ ಇಬ್ಬರು ದೊಡ್ಡವರು ಸೇರಿ ಒಂದು ಹುಡುಗಿಯ ನೆಮ್ಮದಿ ಕಾಯುವ ಕೆಲಸಕ್ಕೆ ನಿಂತೆವು. ಹಾವಿಗೆ ನಾನು ಮಾಡದ ಉಪಚಾರ ಉಳಿಯಲಿಲ್ಲ. ಇಲಿಯ ಗಾತ್ರ ಬದಲಿಸಿದೆ, ಥರ್ಮೋಸ್ಟಾಟ್ ಒಂದು ಡಿಗ್ರಿ ಏರಿಸಿದೆ, ನೀರಿನ ಬಟ್ಟಲನ್ನು ಆಚೀಚೆ ಸರಿಸಿದೆ. ಮೂರನೇ ಶನಿವಾರ ತೂಕ 292. ನನ್ನ ಮೂರನೇ ಹೂಂ ಹೊರಬಂತು. ಈ ಸಲ ಅನನ್ಯಾ ಖುಷಿಯಿಂದ, "ಗುಡ್ ಗರ್ಲ್ ಅಂತ ಹೇಳಿ ಅವಳಿಗೆ," ಎಂದಳು. ಫೋನ್ ಇಟ್ಟ ಮೇಲೆ ನನಗೆ ಆ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಮುಂದಿನ ಬುಧವಾರ ತೂಗಿದಾಗ 285. ಬೆನ್ನೆಲುಬಿನ ಗೆರೆ ಕೈಗೆ ಹತ್ತುತ್ತಿತ್ತು. ವೈದ್ಯರು ಟ್ಯೂಬ್ ಫೀಡಿಂಗ್‌ಗೆ ಸೋಮವಾರ ಬೆಳಿಗ್ಗೆ ಸಮಯ ಕೊಟ್ಟರು. ಸ್ಟೂಲಿನ ಮೇಲೆ ಕೂತು ಅನನ್ಯಾಳ ಪಟ್ಟಿಯನ್ನು ಮತ್ತೊಮ್ಮೆ ಓದಿದೆ. ನಾನು ಒಂದನ್ನೂ ತಪ್ಪಿಸಿರಲಿಲ್ಲ. ಈ ಹಾವನ್ನು ನನಗಿಂತ ಚೆನ್ನಾಗಿ ಬಲ್ಲವಳು ಒಬ್ಬಳೇ, ಅವಳ ಬಾಯಿಯನ್ನೇ ನಾನು ಮುಚ್ಚಿದ್ದೇನೆ ಎಂದು ಆಗ ಹೊಳೆಯಿತು. ರೋಗಿಯ ಮನೆಯವರನ್ನು ಏನೂ ಕೇಳದೆ ಮದ್ದು ಕೊಡುವ ವೈದ್ಯರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ಶ್ರೀಧರ್ ಅವರಿಗೆ ಫೋನ್ ಮಾಡಿದೆ. ಮದುವೆಗೆ ಇನ್ನು ಆರೇ ದಿನ, ತಡೆಯಿರಿ ಎಂದರು.

"ಹಾವು ನಿಮ್ದಲ್ರೀ ಶ್ರೀಧರ್ ಅವರ, ಆಕೀದು," ಎಂದೆ. ಸಿಟ್ಟು ಬಂದರೆ ನನ್ನ ಬಾಯಲ್ಲಿ ವಿಜಯಪುರ ಬರುತ್ತದೆ. "ಫೋನ್ ಆಕಿ ಕೈಯಾಗ ಕೊಡ್ರಿ."

ಅನನ್ಯಾಳಿಗೆ ಎಲ್ಲವನ್ನೂ ಹೇಳಿದೆ. ಆ ಕಡೆಯಿಂದ ಮದುವೆ ಮನೆಯ ಗದ್ದಲ ಕೇಳುತ್ತಿತ್ತು.

"ಯು ಲೈಡ್?" ಎಂದಳು. "ಮೂರು ಸಲನೂ?"

"ಮೂರು ಸಲನೂ. ತಪ್ಪಾಯ್ತು ಪುಟ್ಟಿ."

ಅವಳು ಅತ್ತಳು. ಹಾವು ಹಸಿದದ್ದಕ್ಕಿಂತ ನಾವಿಬ್ಬರೂ ಸೇರಿ ಅವಳನ್ನು ಚಿಕ್ಕವಳೆಂದು ಬಗೆದದ್ದೇ ಅವಳಿಗೆ ನೋವಾಗಿತ್ತು, ಅದನ್ನು ಅವಳು ಹೇಳಿಯೂ ಬಿಟ್ಟಳು. ನಾನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಮೂಗೊರೆಸಿಕೊಂಡು ಅವಳು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಗ್ರಾಂ ಈಗ?"

"285. ಈಗ ನೀನು ನಂಗೊಂದು ಸಹಾಯ ಮಾಡ್ಬೇಕು. ಶನಿವಾರ ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀಯ ಹೇಳು. ಹಾವಿಗೆ ಸಂಬಂಧ ಇಲ್ಲದ್ದನ್ನೂ ಬಿಡ್ಬೇಡ."

ತಿಂಡಿ, ಹೋಮ್‌ವರ್ಕ್, ಮಧ್ಯಾಹ್ನ ಈಜು ತರಗತಿ, ಸೈಕಲ್‌ನಲ್ಲಿ ವಾಪಸ್. ಬಂದ ಮೇಲೆ ಒದ್ದೆ ಟವೆಲ್ ಎಲ್ಲಿ ಹಾಕುತ್ತೀ ಎಂದೆ.

"ಟೆರೇರಿಯಂ ಮೇಲೆ. ಅಮ್ಮ ಬೈತಾರೆ, ಬಟ್ ಹುಕ್ ದೂರ ಇದೆ. ಆಮೇಲೆ ಅದನ್ನ ಸ್ವಲ್ಪ ಎತ್ತಿ ಇಲಿ ಒಳಗೆ ಇಡ್ತೀನಿ, ಕೆಳಗೆ ಹೋಗಿ ಸ್ನ್ಯಾಕ್ಸ್ ತಿಂತೀನಿ."

ನಾನು ಎದ್ದು ನಿಂತೆ. ಬಾಲ್ ಪೈಥಾನ್ ನಾಚಿಕೆಯ ಪ್ರಾಣಿ, ಕಾಡಿನಲ್ಲಿ ಬಿಲದೊಳಗಿನ ಕತ್ತಲಲ್ಲಿ ಇರುವಂಥದ್ದು. ಅನನ್ಯಾಳ ಟವೆಲ್ ಪ್ರತಿ ಶನಿವಾರ ಅದಕ್ಕೆ ಒಂದು ಬಿಲ ಕಟ್ಟಿಕೊಡುತ್ತಿತ್ತು, ಅವಳಿಗೇ ಗೊತ್ತಿಲ್ಲದೆ. ನಾನಾದರೋ, ಖಾಲಿ ಮನೆ ಎಂದು ಕಳ್ಳರಿಗೆ ತಿಳಿಯದಿರಲಿ ಎಂದು ದಿನವೂ ಕಿಟಕಿಯ ಪರದೆ ತೆರೆದಿಡುತ್ತಿದ್ದೆ. ಇಲ್ಲಿ ಬೇಸಿಗೆಯಲ್ಲಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಆ ಬೆಳಕಿನಲ್ಲಿ, ಗಾಜಿಗೆ ಮುಖ ಹಚ್ಚಿ, ತಿನ್ನುತ್ತದೋ ಇಲ್ಲವೋ ಎಂದು ನಾನು ಕಾಯುತ್ತಿದ್ದೆ. ಯಾರು ತಾನೇ ತಿಂದಾರು?

ಶನಿವಾರಕ್ಕೆ ಕಾಯಲಿಲ್ಲ. ಪರದೆ ಮುಚ್ಚಿ, ಅವಳ ಟವೆಲನ್ನೇ ಒದ್ದೆ ಮಾಡಿ ಹಿಂಡಿ, ಗಾಳಿಯ ಜಾಲರಿ ಬಿಟ್ಟು ಗಾಜಿನ ಮುಂದೆ ಇಳಿಬಿಟ್ಟೆ. ಸಂಜೆ ಐದಕ್ಕೆ ಟವೆಲ್ ಸ್ವಲ್ಪ ಎತ್ತಿ ಬೆಚ್ಚಗಿನ ಇಲಿ ಒಳಗಿಟ್ಟು, ಕೆಳಗಿಳಿದು ಚಹಾ ಮಾಡಿಕೊಂಡೆ. ನಲವತ್ತು ನಿಮಿಷ ಕಷ್ಟಪಟ್ಟು ಕೂತಿದ್ದೆ. ಮೇಲೆ ಹೋಗಿ ನೋಡಿದರೆ ಇಲಿ ಇಲ್ಲ, ಪಿಂಡಕಾಸ್‌ನ ಮೈನಡುವೆ ಒಂದು ಉಬ್ಬು. ಕೂಡಲೇ ಅನನ್ಯಾಳಿಗೆ ಫೋನ್ ಮಾಡಿ ಹೇಳಿದೆ. ಅವಳು, "ಫೋಟೋ?" ಎಂದಳು. ನಂಬಿಕೆ ಅಷ್ಟು ಬೇಗ ಮರಳುವುದಿಲ್ಲ, ನ್ಯಾಯವೇ. ಕಳಿಸಿದೆ. ಸೋಮವಾರದ ಅಪಾಯಿಂಟ್‌ಮೆಂಟ್ ರದ್ದು ಮಾಡಿದೆ. ಅವರು ವಾಪಸ್ ಬಂದಾಗ ತೂಕ 307, ಅನನ್ಯಾಳ ಕೈಯಲ್ಲಿ ಮದುವೆಯ ಮೆಹಂದಿ ಇನ್ನೂ ಮಾಸಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಅವರು ಒಂದು ವಾರ ಸ್ಪೇನಿಗೆ ಹೋದರು. ಯಾರನ್ನು ಕರೆಯಬೇಕೆಂದು ನಿರ್ಧರಿಸಿದವಳು ಅನನ್ಯಾಳೇ ಎಂದು ಶ್ರೀಧರ್ ಹೇಳಿದರು. ಶನಿವಾರ ಟವೆಲ್ ಕಟ್ಟಿ, ಇಲಿ ಇಟ್ಟು, ಚಹಾ ಕುಡಿದು ಬಂದೆ. ಚಳಿಗೋ ಏನೋ, ಇಲಿ ಹಾಗೇ ಇತ್ತು. ಐದು ನಿಮಿಷ ಫೋನ್ ಕೈಯಲ್ಲಿ ಹಿಡಿದು ನಿಂತಿದ್ದೆ. ಎಂಟು ವರ್ಷ ರೈತರ ಎದುರು ನಿಂತು, ನಿಮ್ಮ ಎಮ್ಮೆ ಉಳಿಯುವುದಿಲ್ಲ ಎಂದು ಹೇಳಿದವಳಿಗೆ, ಈಗ ಮೈ ತುಂಬಿಕೊಂಡಿದ್ದ ಒಂದು ಹಾವು ಒಂದು ಹೊತ್ತು ತಿನ್ನಲಿಲ್ಲ ಎನ್ನಲು ಕಷ್ಟವಾಯಿತು. ಊರು ಬಿಟ್ಟು ಹೋದವರಿಗೆ ನಾವು ಕಾಪಾಡಿಕೊಡಬೇಕಾದದ್ದು ಅವರ ಪ್ರಾಣಿಯನ್ನು ಮತ್ತು ಅದರ ಬಗ್ಗೆ ನಿಜ ತಿಳಿಯುವ ಅವರ ಹಕ್ಕನ್ನು. ಅವರ ನೆಮ್ಮದಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಇದನ್ನು ಈ ಕೆಲಸ ನನಗೆ ಕಲಿಸಿತು, ಕಲಿಸಿದವಳು ಹನ್ನೆರಡರ ಹುಡುಗಿ.

"ಪುಟ್ಟಿ, ಪಿಂಡಕಾಸ್ ಇವತ್ತು ತಿನ್ನಲಿಲ್ಲ," ಎಂದೆ.

"ಓಕೆ ಆಂಟಿ, ಥ್ಯಾಂಕ್ಸ್," ಎಂದಳು ಅನನ್ಯಾ. "ನಾನೀಗ ಬೀಚಿಗೆ ಹೋಗ್ಬರ್ತೀನಿ."